ಬಡವನ ಹಲ್ಲಿಗೆ ಇಕ್ಕಳವೊಂದೇ ಮದ್ದೆ?

ಹಲ್ಲುನೋವು ಗಿರಣಿಯ ಧಣಿಗೂ ಆಳಿಗೂ ಒಂದೇ. ಮದ್ದು ಮಾತ್ರ ಬೇರೆ. ಧಣಿ ಮಣಿಪಾಲಕ್ಕೆ ಹೋಗಿ ರೂಟ್ ಕೆನಾಲ್ ಮಾಡಿಸಿ ಹಲ್ಲು ಉಳಿಸಿಕೊಳ್ಳುತ್ತಾನೆ. ಕುಮಟೆಯ ಕೂಲಿಯವನು, ಹೊನ್ನಾವರದ ಮೀನು ಮಾರುವವಳು, ಭಟ್ಕಳದ ಪೇಟೆಯ ಸಣ್ಣ ವ್ಯಾಪಾರಿ ಲವಂಗ ಕಚ್ಚಿ ದಿನ ದೂಡಿ, ಕೊನೆಗೆ ಕೀಳಿಸಿಕೊಳ್ಳುತ್ತಾರೆ. ಉಳಿಸಲು ನಾಲ್ಕು ಸಲ ಹೋದರೆ ನಾಲ್ಕು ದಿನದ ಕೂಲಿ ಹೋಯಿತು. ಕೀಳಲು ಒಂದು ದಿನ ಸಾಕು.

ವಿಜ್ಞಾನವಾದರೋ ಈಗ ಸತ್ತ ಹಲ್ಲಿನೊಳಗೆ ಹೊಸ ಅಂಗಾಂಶವನ್ನೇ ಬೆಳೆಸಲು ಹೊರಟಿದೆ. ಮೆಣಸಿನ ಬಳ್ಳಿಗೆ ಅಡಿಕೆ ಮರ ಬೇಕಾದಂತೆ ಜೀವಕೋಶಗಳಿಗೂ ಹಬ್ಬಲು ಆಸರೆ ಬೇಕು. ಆ ಆಸರೆಗೆ ಕೊಲಾಜೆನ್, ಹೈಡ್ರೋಜೆಲ್, ಕೈಟೋಸಾನ್ ಎಂದು ಹಲವು ವಸ್ತುಗಳು. ಆದರೆ ಮೊದಲ ಆಸರೆ ಯಾವ ಕಾರಖಾನೆಯದೂ ಅಲ್ಲ, ರೋಗಿಯ ಸ್ವಂತ ರಕ್ತ! ನಾರ್ವೆಯ ನೈಗಾರ್ಡ್ ಓಸ್ಟ್‌ಬಿ 1961ರಲ್ಲಿಯೇ ಇದನ್ನು ಪರೀಕ್ಷಿಸಿ ಬರೆದರು. ಬಿದ್ದು ಮುಂದಿನ ಹಲ್ಲು ಸತ್ತ ಎಂಟು ವರ್ಷದ ಹುಡುಗನನ್ನು ನೆನೆಯಿರಿ. ಬೇರಿನ ತುದಿ ಇನ್ನೂ ಮುಚ್ಚಿಲ್ಲ. ನಾಳ ತೊಳೆದು, ಮದ್ದಿಟ್ಟು, ಕೆಲವು ವಾರ ಕಳೆದ ಮೇಲೆ ತುದಿಯಾಚೆ ಸೂಜಿ ತಾಗಿಸಿ ರಕ್ತ ಬರಿಸುತ್ತಾರೆ. ಹೆಪ್ಪುಗಟ್ಟಿದ ರಕ್ತದಲ್ಲಿ ಜೀವಕೋಶಗಳು ನೆಲೆಗೊಂಡರೆ ಬೇರಿನ ಗೋಡೆ ದಪ್ಪವಾಗುತ್ತದೆ. ಬೆಳೆಯುವುದು ಎಷ್ಟೋ ಸಲ ಹಲ್ಲಿನ ನಿಜವಾದ ತಿರುಳಲ್ಲ, ಎಲುಬಿನಂಥದು. ಇದನ್ನು ನಾವು ಮುಚ್ಚಿಡುವುದಿಲ್ಲ. ಕವಳ ಹಾಕಿ ಹಲ್ಲು ಸವೆಸಿದ ನಮ್ಮಂಥವರಿಗೆ ಹಳೆಯ ರೂಟ್ ಕೆನಾಲೇ ಸಾಕು, ಸಿಕ್ಕರೆ.

ರಕ್ತ ನಮ್ಮದು. ಹೆಪ್ಪಿನ ಮೇಲೆ ಮುಚ್ಚುವ ಎಂಟಿಎ ಪುಡಿಯ ಮೂಲ ಪೋರ್ಟ್‌ಲ್ಯಾಂಡ್ ಸಿಮೆಂಟು. ಗಾರೆಯವನು ಚೀಲಗಟ್ಟಲೆ ಹೊರುವ ಸರಕು, ಶುದ್ಧವಾಗಿ ದವಾಖಾನೆಗೆ ಬಂದರೆ ಗ್ರಾಮಿನ ಲೆಕ್ಕ! ಕೈಟೋಸಾನ್ ತೆಗೆಯುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಆ ಚಿಪ್ಪು ಸುಲಿದು ಬೆರಳು ಗಾಯ ಮಾಡಿಕೊಳ್ಳುವವರು ಯಾರು? ನಾಳೆ ಅದು ಪೇಟೆಂಟಿನ ಪೊಟ್ಟಣವಾಗಿ ಮರಳಿದಾಗ ಕೊಳ್ಳಬಲ್ಲವರು ಯಾರು?

ಬಡ ಹಿರಿಯರಿಗೆ ಬಿಟ್ಟಿ ಹಲ್ಲಿನ ಸೆಟ್ಟು ಕೊಡಲು ಕರ್ನಾಟಕ ಸರಕಾರ ದಂತ ಭಾಗ್ಯ ಯೋಜನೆ ತಂದಿತು. ಬೇಡವೆನ್ನುವುದಿಲ್ಲ. ಆದರೆ ಹಲ್ಲೆಲ್ಲ ಉದುರುವ ತನಕ ಕಾದು ಆಮೇಲೆ ಬರುವ ಭಾಗ್ಯ ಎಂಥದು?

ನಾವು ಕೇಳುವುದು ದಾನವಲ್ಲ. ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಸಂಜೆ, ಗಿರಣಿ ಬಿಟ್ಟ ಮೇಲೆ, ಹಲ್ಲಿನ ಎಕ್ಸ್‌ರೇ ಸಮೇತ ರೂಟ್ ಕೆನಾಲ್ ಬಿಟ್ಟಿಯಾಗಿ ಆಗಬೇಕು. ಮಕ್ಕಳ ಹಲ್ಲಿಗೆ ರಕ್ತದ ಆಸರೆಯ ಚಿಕಿತ್ಸೆ ಬಲ್ಲ ತಜ್ಞರನ್ನು ಬೆಂಗಳೂರಿನ ಸರಕಾರಿ ದಂತ ಕಾಲೇಜಿನಿಂದ ತಿಂಗಳಿಗೊಮ್ಮೆ ಕಳಿಸಬೇಕು. ಮತ ಕೇಳಲು ಬಂದವರಿಗೆ ಮೊದಲು ಬಾಯಿ ತೆರೆದು ತೋರಿಸಿರಿ.