ಕಪ್ಪು ಬಟ್ಟೆಯ ಬಳಗ

ನಾಟಕ ಮುಗಿದಿದೆ. ನಟನಟಿಯರು ಕೈಕೈ ಹಿಡಿದು ಸಾಲಾಗಿ ನಿಂತು ಬಾಗಿ ವಂದಿಸುತ್ತಾರೆ. ಚಪ್ಪಾಳೆ ಇನ್ನೇನು ಅಡಗಬೇಕು, ಅಷ್ಟರಲ್ಲಿ ಎಲ್ಲರೂ ಒಮ್ಮೆಗೇ ಕೈಯೆತ್ತಿ ಸಭಾಂಗಣದ ಹಿಂಬದಿಯ ಗಾಜಿನ ಕೋಣೆಯೊಂದರತ್ತ ತೋರಿಸುತ್ತಾರೆ. ಪ್ರೇಕ್ಷಕರು ಕತ್ತು ಹೊರಳಿಸಿ ನೋಡಿದರೆ ಕಾಣುವುದು ಕತ್ತಲೆಯೊಂದೇ. ಅಮೆರಿಕದ ಹೈಸ್ಕೂಲುಗಳಲ್ಲಿ ನಾಟಕ ನೋಡಿದವರಿಗೆ ಇದು ಪರಿಚಿತ ದೃಶ್ಯ. ಆ ಕತ್ತಲೆಯಲ್ಲಿ ಕುಳಿತಿರುವವರೂ ವಿದ್ಯಾರ್ಥಿಗಳೇ. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ಹುಡುಗ ಹುಡುಗಿಯರು.

ಆ ದೇಶದ ಅನೇಕ ಹೈಸ್ಕೂಲುಗಳಲ್ಲಿ ನಾಟಕವೆಂಬುದು ವಾರ್ಷಿಕೋತ್ಸವದ ಒಂದು ಸಂಜೆಯ ವಿನೋದವಲ್ಲ. ಶರತ್ಕಾಲದಲ್ಲಿ ಒಂದು ಗದ್ಯನಾಟಕ, ವಸಂತದಲ್ಲಿ ಒಂದು ಸಂಗೀತನಾಟಕ ನಡೆಸುವುದು ಅಲ್ಲಿ ಸಾಮಾನ್ಯವಾದ ವಾಡಿಕೆ. ರಂಗದ ಮೇಲೆ ಬಣ್ಣ ಹಚ್ಚಿಕೊಂಡು ನಿಲ್ಲುವವರಂತೆಯೇ ಅದರ ಹಿಂದೆ ದುಡಿಯುವವರದೂ ಒಂದು ದೊಡ್ಡ ಬಳಗ. ಹಲಗೆ ಕೊಯ್ದು ಗೋಡೆ ಕಟ್ಟುವವರು, ಅದಕ್ಕೆ ಬಣ್ಣ ಬಳಿಯುವವರು, ದೀಪ ಹೂಡುವವರು, ಧ್ವನಿ ನೋಡಿಕೊಳ್ಳುವವರು, ಉಡುಪು ಹೊಲಿಯುವವರು, ನಾಯಕನ ಕೈಗೆ ಸಕಾಲದಲ್ಲಿ ಪತ್ರವನ್ನೋ ಕತ್ತಿಯನ್ನೋ ತಲುಪಿಸುವವರು. ಪ್ರಯೋಗದ ದಿನ ಇವರೆಲ್ಲ ಆಪಾದಮಸ್ತಕ ಕಪ್ಪು ಬಟ್ಟೆ ಧರಿಸುತ್ತಾರೆ. ಅರೆಗತ್ತಲಲ್ಲಿ ಮೇಜುಕುರ್ಚಿ ಹೊತ್ತು ಓಡಾಡುವಾಗ ಯಾರ ಕಣ್ಣಿಗೂ ಬೀಳಬಾರದು ಎಂಬುದೇ ಇದರ ಉದ್ದೇಶ. ಹದಿನಾರರ ಪ್ರಾಯದಲ್ಲಿ ಕಾಣಿಸಿಕೊಳ್ಳಬೇಕೆಂಬ ಹಂಬಲ ಎಂಥದೆಂದು ಬಲ್ಲವರಿಗೆ ಈ ವ್ರತದ ಬೆಲೆ ತಿಳಿದೀತು.

ಹೈಸ್ಕೂಲು ನಾಟಕಗಳಿಗಾಗಿಯೇ 1929ರಲ್ಲಿ ಪಶ್ಚಿಮ ವರ್ಜೀನಿಯದ ಫೇರ್‌ಮಾಂಟಿನಲ್ಲಿ ಒಂದು ಸಂಘ ಹುಟ್ಟಿತು. ಇಂಟರ್‌ನ್ಯಾಷನಲ್ ಥೆಸ್ಪಿಯನ್ ಸೊಸೈಟಿ ಎಂದು ಅದರ ಹೆಸರು. ಗ್ರೀಕರ ಆದಿನಟನೆಂದು ಪ್ರತೀತಿ ಪಡೆದ ಥೆಸ್ಪಿಸನ ನೆನಪಿನಲ್ಲಿ ಇಟ್ಟ ಹೆಸರು ಅದು. ಹೆಸರು ನಟನದಾದರೂ, ಸದಸ್ಯತ್ವಕ್ಕೆ ಬೇಕಾದ ಅಂಕಗಳನ್ನು ಸುತ್ತಿಗೆ ಹಿಡಿದೂ ಸಂಪಾದಿಸಬಹುದು. ನಿಯಮ ಮಾಡಿದವರು ಜಾಣರು.

ಈ ಬಳಗದ ಮುಖಂಡತ್ವ ಸ್ಟೇಜ್ ಮ್ಯಾನೇಜರನದು. ಹಲವು ಶಾಲೆಗಳಲ್ಲಿ ಈ ಹುದ್ದೆಯೂ ಒಬ್ಬ ವಿದ್ಯಾರ್ಥಿಗೆ ಅಥವಾ ವಿದ್ಯಾರ್ಥಿನಿಗೆ ಸೇರಿದ್ದು. ಆಕೆಯ ಮುಂದೆ ಒಂದು ದಪ್ಪ ಕಡತವಿರುತ್ತದೆ. ಅದರಲ್ಲಿ ನಾಟಕದ ಪ್ರತಿಯೊಂದು ಮಾತಿನ ಪಕ್ಕದಲ್ಲಿ ಯಾವ ದೀಪ ಬೆಳಗಬೇಕು, ಯಾವ ಸದ್ದು ಕೇಳಿಸಬೇಕು, ಯಾವ ಪರದೆ ಏಳಬೇಕು ಎಂದು ಸೀಸದ ಕಡ್ಡಿಯಲ್ಲಿ ಗುರುತುಗಳು. ಶಾಯಿಯಲ್ಲಿ ಬರೆದರೆ ಕೆಟ್ಟಿತು. ನಿರ್ದೇಶಕರ ಮನಸ್ಸು ದಿನಕ್ಕೊಂದು ಬಗೆ. ಕಿವಿಗೆ ಫೋನು ಕಟ್ಟಿಕೊಂಡು ಆಕೆ ‘ನಲವತ್ತೆರಡನೆಯ ದೀಪ, ಸಿದ್ಧ’ ಎಂಬರ್ಥದಲ್ಲಿ ಎಚ್ಚರಿಸುತ್ತಾಳೆ. ಆ ಕಡೆಯಿಂದ ‘ಸಿದ್ಧ’ ಎಂಬ ಉತ್ತರ. ನಟನ ಬಾಯಿಂದ ಗೊತ್ತಾದ ಮಾತು ಹೊರಟೊಡನೆ ಆಕೆ ‘ಗೋ’ ಎನ್ನುತ್ತಾಳೆ. ದೀಪ ಬೆಳಗುತ್ತದೆ. ಈ ‘ಗೋ’ ಎಂಬ ಎರಡಕ್ಷರದ ಇಂಗ್ಲಿಷ್ ಪದವನ್ನು ಆ ಫೋನಿನಲ್ಲಿ ಬೇರೆ ಯಾವ ಸಂದರ್ಭದಲ್ಲೂ ಉಚ್ಚರಿಸಕೂಡದು. ಯಾರೋ ಎಲ್ಲಿಗೋ ಹೋದರೆಂದು ಹರಟುತ್ತ ಆ ಪದ ನುಸುಳಿತೋ, ನಾಯಕಿಯ ವಿಲಾಪದ ನಡುವೆಯೇ ಪರದೆ ಬಿದ್ದೀತು.

ಪ್ರಯೋಗ ಆರಂಭವಾಯಿತೆಂದರೆ ರಂಗ ಆಕೆಯ ವಶ. ವಾರಗಟ್ಟಲೆ ಗದರಿ ತಿದ್ದಿದ ಅಧ್ಯಾಪಕರು ಆಗ ಪ್ರೇಕ್ಷಕರಲ್ಲಿ ಒಬ್ಬರಾಗಿ, ಉಗುರು ಕಚ್ಚುತ್ತ ಕುಳಿತಿರಬೇಕು. ಹದಿನೇಳರ ಹುಡುಗಿಯ ಮಾತಿಗೆ ಮೂವತ್ತು ಮಂದಿ ಒಮ್ಮೆಗೇ ನಡೆಯುವಂಥ ಸ್ಥಾನ ಶಾಲೆಯಲ್ಲಿ ಬೇರೆಲ್ಲುಂಟು? ತಪ್ಪಾದರೆ ಮುಚ್ಚಿಡಲೂ ಸಾಧ್ಯವಿಲ್ಲ. ಊರೇ ಎದುರಿಗೆ ಕುಳಿತಿರುತ್ತದೆ.

ತಪ್ಪಿನ ಬೆಲೆ ಯಾವಾಗಲೂ ನಗೆಪಾಟಲಷ್ಟೇ ಆಗಿರುವುದಿಲ್ಲ. ಕೆಲವು ಶಾಲೆಗಳ ರಂಗದ ಮೇಲ್ಗಡೆ ಕಬ್ಬಿಣದ ಕೊಳವೆಗಳಿಗೆ ಪರದೆಗಳನ್ನೂ ದೃಶ್ಯಗಳನ್ನೂ ತೂಗುಬಿಟ್ಟಿರುತ್ತಾರೆ. ಅಷ್ಟೇ ತೂಕದ ಕಬ್ಬಿಣದ ಬಿಲ್ಲೆಗಳನ್ನು ಹಗ್ಗದ ಇನ್ನೊಂದು ಕೊನೆಗೆ ಹೇರಿರುವುದರಿಂದ ಒಬ್ಬ ಹುಡುಗ ಕೈಯಿಂದಲೇ ಅವನ್ನು ಏರಿಸಬಲ್ಲ, ಇಳಿಸಬಲ್ಲ. ಬಿಚ್ಚುವಾಗ ಮೊದಲು ಬಿಲ್ಲೆ ತೆಗೆಯಬೇಕು, ಆಮೇಲೆ ಪರದೆ. ಈ ಕ್ರಮ ಹಿಂದುಮುಂದಾದರೆ ಬಿಲ್ಲೆಗಳ ಹೊರೆ ಮೇಲಿನಿಂದ ಧುಮುಕುತ್ತದೆ, ಕೊಳವೆ ಮೇಲಕ್ಕೆ ಚಿಮ್ಮುತ್ತದೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ರಂಗಮಂದಿರದಲ್ಲಿ ದೀಪವೊಂದರಿಂದ ಪರದೆಗೆ ಬೆಂಕಿ ಹತ್ತಿತು. ಬೆಂಕಿಯನ್ನು ತಡೆಯಬೇಕಾಗಿದ್ದ ಪರದೆ ಅರ್ಧದಲ್ಲೇ ಸಿಕ್ಕಿಕೊಂಡಿತು. ರಜೆಯ ಮಧ್ಯಾಹ್ನದ ಆಟ. ಸತ್ತ ಆರುನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಂಗಸರೂ ಮಕ್ಕಳೂ ಬಹಳ. ಹೊರಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿಯಿಟ್ಟರೂ ಅಧ್ಯಾಪಕರು ಸಿಡುಕುವುದಕ್ಕೆ ಕಾರಣವಿಲ್ಲದಿಲ್ಲ.

ತೆರೆಮರೆಯ ದುಡಿಮೆ ಕನ್ನಡಿಗರಿಗೆ ಹೊಸದಲ್ಲ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆಕುದುರೆಗಳು ರಂಗಕ್ಕೆ ಬಂದ ಸಂಗತಿಯನ್ನು ಇಂದಿಗೂ ಹೇಳಿಕೊಳ್ಳುವವರುಂಟು. ಆ ಆನೆಯನ್ನು ಸೈಡ್ ವಿಂಗಿನಲ್ಲಿ ಸುಮ್ಮನೆ ನಿಲ್ಲಿಸಿಕೊಂಡಿದ್ದವರು ಯಾರೆಂದು ಕೇಳುವವರು ವಿರಳ. ಸಂಸ್ಕೃತ ನಾಟಕದ ಸೂತ್ರಧಾರ ಮೊದಲಿಗೆ ಬಂದು ಮುಖ ತೋರಿಸಿಯಾದರೂ ಹೋಗುತ್ತಾನೆ. ಸ್ಟೇಜ್ ಮ್ಯಾನೇಜರನಿಗೆ ಆ ಭಾಗ್ಯವೂ ಇಲ್ಲ. ಥಾರ್ನ್‌ಟನ್ ವೈಲ್ಡರನ 1938ರ ‘ಅವರ್ ಟೌನ್’ ಮಾತ್ರ ಇದಕ್ಕೆ ಅಪವಾದ. ಅದರಲ್ಲಿ ಸ್ಟೇಜ್ ಮ್ಯಾನೇಜರನೇ ಮುಖ್ಯ ಪಾತ್ರವಾಗಿ ಪ್ರೇಕ್ಷಕರೊಡನೆ ಮಾತನಾಡುತ್ತಾನೆ. ಅಮೆರಿಕದ ಹೈಸ್ಕೂಲುಗಳಿಗೆ ಬಹಳ ಪ್ರಿಯವಾದ ನಾಟಕವಿದು. ಆದರೆ ವಿಚಿತ್ರ ನೋಡಿ, ಅದರಲ್ಲಿ ದೃಶ್ಯಸಜ್ಜಿಕೆಯೇ ಹೆಚ್ಚುಕಡಮೆ ಇಲ್ಲ. ಬಡಗಿ ಕೆಲಸದ ಹುಡುಗರಿಗೆ ಬಿಡುವು! ಆ ಪಾತ್ರ ಸಿಕ್ಕುವುದೂ ನಟನೊಬ್ಬನಿಗೇ.

ಕಡೆಯ ಪ್ರಯೋಗದ ರಾತ್ರಿ ಚಪ್ಪಾಳೆ ಮುಗಿದ ಮೇಲೆ ಮತ್ತೊಂದು ಕಾರ್ಯಕ್ರಮ. ಆರು ವಾರ ಕಟ್ಟಿದ್ದನ್ನು ಕೆಲವೇ ಗಂಟೆಗಳಲ್ಲಿ ಕಳಚಿಹಾಕಬೇಕು. ಅನೇಕ ಕಡೆ ರಾಜಕುಮಾರನೂ ಕಿರೀಟ ಕಳಚಿಟ್ಟು ಮೊಳೆ ಕೀಳಲು ಬರಲೇಬೇಕೆಂಬ ಕಟ್ಟುನಿಟ್ಟು. ಅಂದು ಅಪ್ಪಣೆ ಕೊಡುವವರು ಕಪ್ಪು ಬಟ್ಟೆಯವರು. ಒಳ್ಳೆಯ ಹಲಗೆಗಳನ್ನು ಮುಂದಿನ ನಾಟಕಕ್ಕೆಂದು ಜೋಡಿಸಿಟ್ಟು, ರಂಗವನ್ನು ಗುಡಿಸಿ, ನಡುವೆ ಗೂಟವೊಂದಕ್ಕೆ ಸಿಕ್ಕಿಸಿದ ಒಂಟಿ ಬಲ್ಬನ್ನು ತಂದಿಡುತ್ತಾರೆ. ರಂಗದಲ್ಲಿ ವಾಸಿಸುವ ಭೂತಗಳಿಗಾಗಿ ಅದೆಂದು ಹಳಬರ ಹಾಸ್ಯ. ಕತ್ತಲೆಯಲ್ಲಿ ಬಂದವರು ರಂಗದ ಅಂಚಿನಿಂದ ಕೆಳಗೆ ಬೀಳದಿರಲೆಂದು ಬಲ್ಲವರ ವಿವರಣೆ. ಅದನ್ನು ಹೊತ್ತಿಸಿದ ಹುಡುಗಿ ದೀಪದ ತಂತಿ ಯಾರ ಕಾಲಿಗೂ ತೊಡರದಂತೆ ನೆಲಕ್ಕೆ ಅಂಟಿಸಿ, ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಮನೆಗೆ ಹೊರಡುತ್ತಾಳೆ.