ಧ್ಯಾನಕ್ಕೂ ಪಥ್ಯವಿದೆ

ಧ್ಯಾನದಿಂದ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಂಪನಿಗಳ ವೆಲ್‌ನೆಸ್ ಕಾರ್ಯಕ್ರಮ, ಮೊಬೈಲ್ ಆ್ಯಪ್, ವಾರಾಂತ್ಯದ ಶಿಬಿರ ಎಲ್ಲವೂ ನಿಂತಿರುವುದು ಅದರ ಮೇಲೆಯೇ. 2024ರಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ್ದು ಈ ಪ್ರಚಾರಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಈ ನಂಬಿಕೆಯನ್ನು ಪರೀಕ್ಷಿಸಲು ಪುಣೆ ತಕ್ಕ ಊರು. 1974ರಲ್ಲಿ ರಜನೀಶರು ಅಲ್ಲಿನ ಕೋರೆಗಾಂವ್ ಪಾರ್ಕಿನಲ್ಲಿ ಆಶ್ರಮ ಆರಂಭಿಸಿದರು. ಅವರ 'ಡೈನಮಿಕ್' ಧ್ಯಾನದಲ್ಲಿ ಬಿರುಸಿನ ಉಸಿರಾಟ, ಅಳು, ಕೂಗಾಟ ಎಲ್ಲ ಇದ್ದವು. ಧ್ಯಾನ ಮನಸ್ಸನ್ನು ತಣಿಸುವುದಷ್ಟೇ ಅಲ್ಲ, ಕೆದಕುತ್ತದೆ ಕೂಡ ಎಂಬುದನ್ನು ಆ ಪದ್ಧತಿ ಮುಚ್ಚಿಡಲಿಲ್ಲ. ಅದೇ ಊರಿಗೆ 1937ರಲ್ಲಿ ಯೋಗ ಕಲಿಸಲು ಬಂದು ನೆಲೆಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಆಸನದಲ್ಲಿ ಗಟ್ಟಿಯಾಗದೆ ಪ್ರಾಣಾಯಾಮಕ್ಕೆ ಕೈಹಾಕಬಾರದು, ಅದನ್ನೂ ಗುರುವಿನ ಕಣ್ಣೆದುರೇ ಕಲಿಯಬೇಕು ಎಂಬುದು ಅವರ ಕಟ್ಟುನಿಟ್ಟು. ವಿಪಶ್ಯನದ ಹತ್ತು ದಿನಗಳ ಶಿಬಿರಗಳೂ ಅರ್ಜಿಯಲ್ಲೇ ಮಾನಸಿಕ ಆರೋಗ್ಯದ ಹಿನ್ನೆಲೆ ಕೇಳುತ್ತವೆ. ಈ ವಿದ್ಯೆಯನ್ನು ಗಂಭೀರವಾಗಿ ಕಲಿಸಿದವರಿಗೆ ಅದರ ಬಲವೂ ಗೊತ್ತಿತ್ತು, ಅಪಾಯವೂ ಗೊತ್ತಿತ್ತು. ವೆಲ್‌ನೆಸ್ ಮಾರುಕಟ್ಟೆ ಬಲವನ್ನು ಜಾಹೀರಾತಿಗೆ ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿತು.

2020ರಲ್ಲಿ ಪ್ರಕಟವಾದ, 83 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದರ ಪ್ರಕಾರ ಧ್ಯಾನ ಮಾಡಿದವರಲ್ಲಿ ಶೇ. 8.3ರಷ್ಟು ಮಂದಿಗೆ ತೊಂದರೆಯಾಗಿತ್ತು. ಆತಂಕ ಮತ್ತು ಖಿನ್ನತೆಯೇ ಅವುಗಳಲ್ಲಿ ಹೆಚ್ಚು. ಮನೋಚಿಕಿತ್ಸೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ತೊಂದರೆ ಕಾಣುತ್ತದಲ್ಲ, ಜನರನ್ನು ಹೆದರಿಸುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಹುಪಾಲು ಜನರಿಗೆ ಧ್ಯಾನದಿಂದ ಹಾನಿಯಾಗುವುದಿಲ್ಲ, ಅನೇಕರಿಗೆ ನೆಮ್ಮದಿಯೂ ಸಿಗುತ್ತದೆ. ಆದರೆ ಮನೋಚಿಕಿತ್ಸೆಯಲ್ಲಿ ಎದುರಿಗೆ ತರಬೇತಿ ಪಡೆದ ಒಬ್ಬರಿರುತ್ತಾರೆ. ರೋಗಿ ಹದಗೆಟ್ಟರೆ ಅವರಿಗೆ ತಿಳಿಯುತ್ತದೆ. ಆ್ಯಪ್‌ಗೆ ತಿಳಿಯುವುದಿಲ್ಲ.

ಧ್ಯಾನ ನಿರಪಾಯವೆಂದು ಮೊದಲೇ ನಂಬಿಸಿದ್ದರಿಂದ, ತೊಂದರೆಗೆ ಸಿಕ್ಕಿದವರು ತಪ್ಪು ತಮ್ಮದೇ ಎಂದುಕೊಂಡು ಬಾಯಿ ಮುಚ್ಚುತ್ತಾರೆ. 'ಇನ್ನೂ ಸ್ವಲ್ಪ ಕೂತರೆ ಸರಿಹೋಗುತ್ತದೆ' ಎಂಬ ಸಲಹೆ ಅವರ ಪಾಲಿಗೆ ಎಲ್ಲಕ್ಕಿಂತ ಅಪಾಯಕಾರಿ. ನಿದ್ದೆ ಕೆಟ್ಟರೆ, ಸುತ್ತಲಿನದು ನಿಜವಲ್ಲವೆನಿಸತೊಡಗಿದರೆ, ದಿಗಿಲು ಬಿಡದೆ ಕಾಡಿದರೆ ಧ್ಯಾನ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕೂಡ ಇದೆ.

ಕಲಿಸುವವರು ಮಾಡಬೇಕಾದ್ದು ದೊಡ್ಡದೇನಲ್ಲ: ಸೇರುವ ಮೊದಲು ಹಿನ್ನೆಲೆ ಕೇಳುವುದು, ಆಗಬಹುದಾದ ತೊಂದರೆ ತಿಳಿಸುವುದು, ನಡುವೆ ಎದ್ದು ಹೋಗುವವರನ್ನು ಹೇಡಿಗಳೆನ್ನದಿರುವುದು. ಉದ್ಯೋಗದಾತರು ಇನ್ನೊಂದು ಕೆಲಸ ಮಾಡಬಹುದು. ಹನ್ನೆರಡು ಗಂಟೆ ದುಡಿಸಿ ಹತ್ತು ನಿಮಿಷ ಕಣ್ಣು ಮುಚ್ಚಿಸುವ ಬದಲು, ನೌಕರರನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಬಹುದು.