ಉತ್ತರ ಗೊತ್ತಾದ್ರೆ ಸಾಕಾ?

ಹೆಗ್ಗನಹಳ್ಳಿ ಕ್ರಾಸಿನ ಬೇಕರಿಗೆ ಭಾನುವಾರ ಬೆಳಗ್ಗೆ ಹೋದರೆ ಪೇಪರು ಯಾರಿಗೂ ಇಡಿಯಾಗಿ ಸಿಗಲ್ಲ. ಆಟದ ಪುಟ ಒಬ್ಬರ ಕೈಲಿ, ಸಿನಿಮಾ ಪುಟ ಇನ್ನೊಬ್ಬರ ಕೈಲಿ, ರಾಜಕೀಯ ಎಲ್ಲರ ಬಾಯಲ್ಲಿ. ಪದಬಂಧ ಇರುವ ಪುಟ ಮಾತ್ರ ಖಾಯಂ ಆಗಿ ಒಬ್ಬರದೇ. ಪೀಣ್ಯದ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಓಡಿಸುತ್ತಿರುವವರು ಅವರು. ನಮ್ಮ ಬೀದಿಯವರು, ನಾನು ಅಂಕಲ್ ಅನ್ನುತ್ತೇನೆ. ಒಂದು ಟೀ ಮುಗಿಯುವಷ್ಟರಲ್ಲಿ ಮುಕ್ಕಾಲು ಮನೆ ತುಂಬಿರುತ್ತಾರೆ. ಅದೂ ಪೆನ್ನಿನಲ್ಲಿ.

ಇನ್ನೊಂದು ಟೇಬಲ್ ನಮ್ಮ ಆಫೀಸಿನದು. ಊಟದ ಹೊತ್ತಿಗೆ ಮೂರ್ನಾಲ್ಕು ಜನ ಸೇರಿ ‘ದಿ ಹಿಂದೂ’ ಪತ್ರಿಕೆಯ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಬಿಡಿಸುತ್ತಾರೆ. ನಾನು ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಮೊಸರನ್ನ ತಿಂದಿದ್ದೇನೆ. ಯಾರೋ ಒಬ್ಬರು ಉತ್ತರ ಹೇಳುತ್ತಾರೆ, ಉಳಿದವರು ‘ಆಹಾ’ ಅನ್ನುತ್ತಾರೆ, ನನಗೆ ತಲೆಬುಡ ತಿಳಿಯಲ್ಲ. ‘ಹೇಗೆ ಬಂತು?’ ಅಂತ ಕೇಳಿದರೆ, ‘ಅದು ಹಂಗೇ, ಮಾಡ್ತಾ ಮಾಡ್ತಾ ಬರುತ್ತೆ’ ಅಂತ ನಗು. ಕಡೆಗೆ ನಾನೇ ಪುಸ್ತಕ ಹುಡುಕಿ ಕಲಿತೆ. ಕಲಿತ ಮೇಲೆ ಒಂದು ದಿನ ಕೇಳಿದೆ: ಕನ್ನಡದಲ್ಲಿ ಇಂಥದ್ದು ಯಾಕಿಲ್ಲ?

‘ಆಗಲ್ಲ ಗುರು. ಇದು ಲಾಜಿಕ್ ಆಟ. ಕನ್ನಡ ಫೀಲಿಂಗ್ಸ್‌ಗೆ ಸರಿ.’

ಹೇಳಿದವನು ಅಪ್ಪಟ ಕನ್ನಡದ ಹುಡುಗ. ನವೆಂಬರ್ ಒಂದಕ್ಕೆ ಅರಿಶಿನ ಕುಂಕುಮದ ಬಣ್ಣದ ಶಾಲು ಹೊದ್ದು ಫೋಟೋ ಹಾಕುವವನು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಕನ್ನಡ ಬರದವರು ಕನ್ನಡವನ್ನು ಕಡೆಗಣಿಸುವುದು ಒಂದು ಥರ. ಕನ್ನಡವನ್ನು ಪ್ರೀತಿಸುವವರೇ ಅದನ್ನು ಅಳೋದಕ್ಕೆ, ಹಾಡೋದಕ್ಕೆ, ಜೈಕಾರ ಹಾಕೋದಕ್ಕೆ ಮೀಸಲಿಟ್ಟು, ತಲೆ ಓಡಿಸೋ ಕೆಲಸಕ್ಕೆ ಬೇರೆ ಭಾಷೆ ಇಟ್ಟುಕೊಳ್ಳುವುದು ಇನ್ನೊಂದು ಥರ. ಎರಡನೆಯದೇ ಹೆಚ್ಚು ಅಪಾಯ, ಯಾಕಂದರೆ ಅದು ಅಭಿಮಾನದ ವೇಷದಲ್ಲಿ ಬರುತ್ತದೆ.

ಮೊದಲು ಈ ಆಟದ ಗುಟ್ಟು ಹೇಳಿಬಿಡುತ್ತೇನೆ. ಮಾಮೂಲಿ ಸುಳಿವು ಉತ್ತರವನ್ನು ಒಂದೇ ಸಲ ಹೇಳುತ್ತದೆ: ಅರ್ಥ ಕೊಡುತ್ತದೆ, ಪದ ನೀವು ಹುಡುಕಬೇಕು. ಕ್ರಿಪ್ಟಿಕ್ ಸುಳಿವು ಅದೇ ಉತ್ತರವನ್ನು ಎರಡು ಸಲ ಹೇಳುತ್ತದೆ. ವಾಕ್ಯದ ಒಂದು ತುದಿಯಲ್ಲಿ ಅರ್ಥ, ಇನ್ನೊಂದು ತುದಿಯಲ್ಲಿ ಪದವನ್ನು ಕಟ್ಟುವ ಬಗೆ. ನಡುವೆ ಬೆಸುಗೆ ಕಾಣದ ಹಾಗೆ ಮುಚ್ಚಿರುತ್ತಾರೆ. ದಾರಿ ತಪ್ಪಿಸುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಕಳೆದ ತಿಂಗಳ ಒಂದು ಭಾನುವಾರ ಅಂಕಲ್‌ಗೆ ನಾನೇ ಕಟ್ಟಿದ ಒಂದು ಸುಳಿವು ಕೊಟ್ಟೆ.

ಲೇಖಕ ಮಲಗಿದಾಗ ಒಳಗೇ ಅರಳಿದ ಹೂವು (3)

‘ತಾವರೆ. ಸಂಪಿಗೆ. ಮಲ್ಲಿಗೆ. ಯಾವುದಾದ್ರೂ ಆಗಬಹುದಲ್ಲಪ್ಪ, ಎಲ್ಲಾ ಮೂರಕ್ಷರವೇ’ ಅಂದರು. ನಾನು ವಿವರಿಸಿದೆ. ಅರ್ಥ ಅಂದರೆ ಕೊನೆಯ ‘ಹೂವು’ ಮಾತ್ರ. ‘ಒಳಗೇ’ ಅನ್ನುವುದು ಸನ್ನೆ: ಹೊರಗೆ ಹುಡುಕಬೇಡ, ಹಿಂದಿನ ಎರಡು ಪದಗಳ ಒಳಗೇ ನೋಡು. ಲೇಖಕ ಮಲಗಿದಾಗ. ಮೊದಲ ಪದದ ಕೊನೆಯ ‘ಕ’, ಎರಡನೇ ಪದದ ಮೊದಲ ‘ಮಲ’. ಕಮಲ. ಅವರು ಪೆನ್ನಿನ ತುದಿಯಿಂದ ಆ ಮೂರು ಅಕ್ಷರದ ಕೆಳಗೆ ಗೆರೆ ಎಳೆದು, ‘ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ’ ಅಂದರು. ಆಮೇಲೆ, ‘ಇನ್ನೊಂದು ಕೊಡು.’

ಹಿಂದಕ್ಕೆ ಹರಿದ ನದಿ ಇಪ್ಪತ್ತನಾಲ್ಕು ಗಂಟೆ (2)

ಇದಕ್ಕೆ ನಾನು ಬಾಯಿ ತೆಗೆಯುವ ಅಗತ್ಯವೇ ಬೀಳಲಿಲ್ಲ. ನದಿಯನ್ನು ತಿರುಗಿಸಿದರೆ ದಿನ. ಇಲ್ಲೊಂದು ವಿಷಯ ಗಮನಿಸಿ. ಇದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಉಲ್ಟಾ ಓದಿದರೆ ಏನೂ ಸಿಗಲ್ಲ. ಕನ್ನಡದಲ್ಲಿ ತಿರುಗುವುದು ಇಡೀ ಅಕ್ಷರ, ತನ್ನ ಗುಣಿತದ ಸಮೇತ. ಕನ್ನಡದಲ್ಲಿ ಆಗಲ್ಲ ಅನ್ನುವವರ ಮೊದಲ ತೊಂದರೆ ಇದೇ: ಅವರು ಕನ್ನಡವನ್ನು ವಾಟ್ಸಾಪಿನಲ್ಲಿ ಟೈಪ್ ಮಾಡುವ ಹಾಗೆ ಯೋಚಿಸುತ್ತಾರೆ.

ಮೂರನೆಯದು: ಕುಡಿದು ತೂರಾಡಿದ ಮಾವನ ಒಳಗೊಬ್ಬ ಮನುಷ್ಯ (3). ಅಂಕಲ್ ಇಲ್ಲಿ ಸಿಕ್ಕಿಬಿದ್ದರು. ‘ಒಳಗೆ’ ಅಂತ ಇದೆಯಲ್ಲ ಅಂತ ಒಳಗೇ ಹುಡುಕಿದರು. ಈ ಸಲ ಸನ್ನೆ ಅದಲ್ಲ, ‘ತೂರಾಡಿದ’ ಅನ್ನುವುದು. ತೂರಾಡಿದವನ ಕೈಕಾಲು ಎಲ್ಲೆಲ್ಲೋ ಹೋಗುವ ಹಾಗೆ ‘ಮಾವನ’ ಪದದ ಅಕ್ಷರಗಳು ಜಾಗ ಬದಲಿಸಿದರೆ ಮಾನವ. ನಾಲ್ಕನೆಯದು: ಕಣ್ಣಿಗೆ ಹಚ್ಚುವುದು ಹುಲಿ ಇರುವಲ್ಲಿಗೆ (3). ಹುಲಿ ಎಲ್ಲಿರುತ್ತೆ? ಕಾಡಿನಲ್ಲಿ. ಇರುವಲ್ಲಿಗೆ ಅಂದರೆ ಕಾಡಿಗೆ. ಕಣ್ಣಿಗೆ ಹಚ್ಚುವುದೂ ಕಾಡಿಗೆ. ಇದು ಇಂಗ್ಲಿಷಿನಿಂದ ತಂದ ತಂತ್ರ ಅಲ್ಲ. ನಮ್ಮ ಚತುರ್ಥೀ ವಿಭಕ್ತಿ ಇಲ್ಲದೆ ಈ ಸುಳಿವೇ ಹುಟ್ಟುವುದಿಲ್ಲ.

ಈಗ ‘ಆಗಲ್ಲ’ ಅನ್ನುವವರ ವಾದವನ್ನು ನ್ಯಾಯವಾಗಿಯೇ ನೋಡೋಣ. ಅದರಲ್ಲಿ ಅರ್ಧ ನಿಜ ಇದೆ. ಇಂಗ್ಲಿಷಿಗೆ 26 ಅಕ್ಷರ, ಹೇಗೆ ಕಲಸಿದರೂ ಏನಾದರೊಂದು ಪದ ಬಂದೀತು. ನಮ್ಮಲ್ಲಿ ಗುಣಿತ, ಒತ್ತು ಸೇರಿ ಒಂದು ಮನೆಯಲ್ಲಿ ಕೂರಬಹುದಾದ ಅಕ್ಷರಗಳು ನೂರಾರು. ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರವನ್ನು ಇನ್ನೊಂದು ಪದದ ಜತೆ ಹೆಣೆಯಲು ಹೋದವರಿಗೆ ಗೊತ್ತು ಆ ಕಷ್ಟ. ಅಕ್ಷರ ಕಲಸುವ ಸುಳಿವು ನಮ್ಮಲ್ಲಿ ಕಡಿಮೆಯೇ ಇರುತ್ತವೆ. ಒಪ್ಪಿದೆ.

ಆದರೆ ಒಂದು ಬಾಗಿಲು ಕಿರಿದಾದರೆ ಮನೆಗೆ ಬೇರೆ ಬಾಗಿಲೇ ಇಲ್ಲವಾ? ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಅಂಟಿಕೊಳ್ಳುವ ಭಾಷೆ ನಮ್ಮದು. ಅಡಗಿಸೋದಕ್ಕೆ, ಒಡೆಯೋದಕ್ಕೆ, ಬೆಸೆಯೋದಕ್ಕೆ ಇದಕ್ಕಿಂತ ಒಳ್ಳೆ ಸಾಮಾನು ಬೇಕಾ? ಹೈಸ್ಕೂಲಿನಲ್ಲಿ ನಾವೆಲ್ಲ ಸಂಧಿ ಬಿಡಿಸಿದ್ದೇವೆ. ಮಳೆಗಾಲದಲ್ಲಿ ‘ಕ’ ಹೋಗಿ ‘ಗ’ ಬಂತು, ಆದೇಶ ಸಂಧಿ, ಒಂದು ಮಾರ್ಕು. ಅದೇ ಕೆಲಸವನ್ನು ಒಗಟಿನಲ್ಲಿ ಕೊಟ್ಟಿದ್ದರೆ ಎಷ್ಟು ಜನ ವ್ಯಾಕರಣವನ್ನು ಪ್ರೀತಿಸುತ್ತಿದ್ದರು ಅಂತ ಯೋಚಿಸಿ. ಇನ್ನೂ ಒಂದು ಲಾಭ: ಮೂರಕ್ಷರದ ಉತ್ತರದಲ್ಲಿ ಅಡ್ಡ ಬಂದ ಒಂದೇ ಅಕ್ಷರ ಗೊತ್ತಾದರೂ ಸಾಕು, ಮೂರನೇ ಒಂದು ಭಾಗ ಕೈಗೆ ಬಂತು.

ಪಕ್ಕದ ಮನೆ ನೋಡಿ. ತೆಲುಗಿಗೂ ನಮ್ಮ ಹಾಗೇ ಗುಣಿತ, ಒತ್ತು ಎಲ್ಲಾ ಇದೆ. ಅಲ್ಲಿ ಶ್ರೀಶ್ರೀ, ಆರುದ್ರ ಅವರಂಥ ದೊಡ್ಡ ಕವಿಗಳೇ ಪದಗಳನ್ನು ಒಡೆದು ತಿರುಚುವ ಪದಬಂಧಗಳನ್ನು ಹೆಣೆದರು. ಲಿಪಿ ಅಡ್ಡ ಬರಲಿಲ್ಲ.

ಇಂಗ್ಲಿಷಿಗೂ ಇದು ಹುಟ್ಟುಗುಣ ಅಲ್ಲ. ಆರ್ಥರ್ ವಿನ್ ಎಂಬಾತನ ಮೊದಲ ಕ್ರಾಸ್‌ವರ್ಡ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂದದ್ದು 1913ರ ಡಿಸೆಂಬರ್ 21ರಂದು. ಅದರಲ್ಲಿ ಇದ್ದದ್ದು ನಮ್ಮ ಪದಬಂಧದಂಥವೇ ನೇರ ಸುಳಿವುಗಳು. ಲಂಡನ್ನಿನ ‘ದಿ ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕ್ವಮಾಡ’ ಎಂಬ ಹೆಸರಿನಲ್ಲಿ ಒಬ್ಬರು ಪೂರ್ತಿ ಕ್ರಿಪ್ಟಿಕ್ ಸುಳಿವುಗಳ ಪದಬಂಧ ಶುರು ಮಾಡಿದ್ದು 1926ರಲ್ಲಿ. ಸುಮಾರು ನೂರು ವರ್ಷ ಅಷ್ಟೇ. ಯಾರೋ ಕಟ್ಟಿದರು, ಪತ್ರಿಕೆಗಳು ಜಾಗ ಕೊಟ್ಟವು, ಓದುಗರು ಪಳಗಿದರು. ಇದರಲ್ಲಿ ಆಂಗ್ಲ ರಕ್ತದ ಮಹಿಮೆ ಏನೂ ಇಲ್ಲ.

ನಮ್ಮ ಕಡೆ ಲೆಕ್ಕ ಹಾಕಿ. ದಂಡಿಯ ‘ಕಾವ್ಯಾದರ್ಶ’ ಪ್ರಹೇಳಿಕೆಗಳನ್ನೇ 16 ಬಗೆಯಾಗಿ ವಿಂಗಡಿಸಿದೆ. ಅದರ ಜಾಡಿನಲ್ಲಿ ನಡೆದ ‘ಕವಿರಾಜಮಾರ್ಗ’ 9ನೇ ಶತಮಾನದ್ದು. ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಉತ್ತರ ಕರ್ನಾಟಕದ ಮದುವೆಮನೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹುದುಗಿಸಿ ಹೇಳುವ ಹೆಣ್ಣುಮಕ್ಕಳಿದ್ದಾರೆ. ಇವತ್ತಿಗೂ ಶತಾವಧಾನಿ ಆರ್. ಗಣೇಶ್ ಅವರ ಅವಧಾನದಲ್ಲಿ ನಿಷೇಧಾಕ್ಷರಿ ನಡೆಯುತ್ತದೆ. ಒಂದೊಂದು ಅಕ್ಷರಕ್ಕೂ ಎದುರಿನವರು ತಡೆ ಒಡ್ಡುತ್ತಾ ಹೋಗುತ್ತಾರೆ, ಅವರು ತಪ್ಪಿಸಿಕೊಂಡು ಪದ್ಯ ಕಟ್ಟುತ್ತಾರೆ. ನಾವು ಏನು ಮಾಡುತ್ತೇವೆ? ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಕನ್ನಡದ ಬುದ್ಧಿವಂತಿಕೆ ನಮಗೆ ನೋಡುವ ವಸ್ತು, ಆಡುವ ವಸ್ತು ಅಲ್ಲ. ನನ್ನ ತಕರಾರು ಇಷ್ಟೇ.

ಈ ತಕರಾರಿನಲ್ಲಿ ನಮ್ಮ ಪತ್ರಿಕೆಗಳಿಗೂ ಪಾಲಿದೆ. ಪದಬಂಧ ರಚಿಸುವವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಅ.ನ. ಪ್ರಹ್ಲಾದರಾವ್ ಅವರೊಬ್ಬರೇ ಹತ್ತಾರು ಸಾವಿರ ಪದಬಂಧ ಹೆಣೆದಿದ್ದಾರೆ. ಕನ್ನಡದ ಓದುಗರಿಗೆ ಚೌಕ ತುಂಬುವ ಚಟ ಹತ್ತಿಸಿದ್ದು ಇಂಥವರೇ. ಆದರೆ ನಾನು ನೋಡುವ ಪದಬಂಧಗಳಲ್ಲಿ ಬಹುಪಾಲು ಸುಳಿವು ಇನ್ನೂ ‘ಹೂವು (3)’ ಅನ್ನುವ ಜಾತಿಯವು. ಅಕ್ಷರ ಅದಲುಬದಲಾಗಿದೆ ಅನ್ನುವಂಥದ್ದು ಅಲ್ಲೊಂದು ಇಲ್ಲೊಂದು. ತಾವರೆಯೋ ಸಂಪಿಗೆಯೋ ಅನ್ನುವುದಕ್ಕೆ ಸುಳಿವಿನೊಳಗೆ ಯಾವ ಪುರಾವೆಯೂ ಇರಲ್ಲ. ಪದ ಮೊದಲೇ ಗೊತ್ತಿದ್ದವರು ಗೆದ್ದರು, ಗೊತ್ತಿಲ್ಲದವರು ಸೋತರು. ನಾಳೆ ತಲೆಕೆಳಗಾಗಿ ಅಚ್ಚಾದ ಉತ್ತರ ಬರುತ್ತದೆ. ಯಾಕೆ ಅದೇ ಉತ್ತರ? ಯಾರೂ ಹೇಳಲ್ಲ.

ಕೇಳಿದರೆ ಸಿಗುವ ಉತ್ತರ: ಓದುಗರಿಗೆ ಕಷ್ಟ ಆಗುತ್ತೆ. ಯಾವ ಓದುಗರಿಗೆ? ಡ್ರಾಯಿಂಗ್ ನೋಡಿ, ಮೈಕ್ರೋಮೀಟರ್ ಹಿಡಿದು, ಕೂದಲೆಳೆಗಿಂತ ಕಮ್ಮಿ ಅಳತೆಯಲ್ಲಿ ಕಬ್ಬಿಣ ಕೆತ್ತುವ ನಮ್ಮ ಅಂಕಲ್‌ಗಾ? ಓದದೆಯೂ ಕಾವ್ಯದಲ್ಲಿ ಪಳಗಿದ ಜನ ಈ ನಾಡಿನವರು ಅಂತ ಕವಿರಾಜಮಾರ್ಗ ಹೊಗಳಿದ್ದನ್ನು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಅದೇ ಜನಕ್ಕೆ ಒಂದು ಒಗಟು ಕೊಡಲು ಹೆದರುತ್ತೇವೆ.

ಅಂಕಲ್‌ಗೆ ಮೊದಲ ಸುಳಿವು ಬಿಡಿಸಲು ಆಗಲಿಲ್ಲ, ಎರಡನೆಯದು ಅರೆಗಳಿಗೆಯಲ್ಲಿ ಆಯಿತು. ನಡುವೆ ಆದದ್ದು ಒಂದೇ: ಮೊದಲನೆಯದು ಹೇಗೆ ಕೆಲಸ ಮಾಡುತ್ತೆ ಅಂತ ಯಾರೋ ಎರಡು ನಿಮಿಷ ಕೂತು ಹೇಳಿದರು. ಬುದ್ಧಿ ಆಗಲೇ ಇತ್ತು, ವಿವರಣೆ ಇರಲಿಲ್ಲ. ನಮ್ಮ ಆಫೀಸಿನ ಟೇಬಲ್ ನನಗೆ ತಿಂಗಳುಗಟ್ಟಲೆ ಕೊಡದೇ ಇದ್ದದ್ದೂ ಅದನ್ನೇ. ಗುಟ್ಟು ಬಿಟ್ಟುಕೊಟ್ಟರೆ ಕ್ಲಬ್ಬು ಕ್ಲಬ್ಬಾಗಿ ಉಳಿಯಲ್ಲ ಅನ್ನುವ ಭಯ ಬುದ್ಧಿವಂತರಿಗೆ ಇರುತ್ತದೆ. ಕೋಡ್ ರಿವ್ಯೂನಲ್ಲಿ ನಾವೇ ಕೇಳುತ್ತೇವೆ: ಓಡ್ತು ಸರಿ, ಯಾಕೆ ಓಡ್ತು ಅಂತ ಬರಿ. ಊಟದ ಟೇಬಲಿಗೆ ಬಂದ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತೆ?

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸಾಪ್ತಾಹಿಕ ಪುರವಣಿಗಳು ವಾರಕ್ಕೊಂದು ಏಳು ಮನೆಯ ಪುಟ್ಟ ಚೌಕ ಕೊಡಲಿ. ಅರ್ಧ ಸುಳಿವು ನೇರ ಇರಲಿ, ಅರ್ಧ ಕ್ರಿಪ್ಟಿಕ್ ಇರಲಿ. ಮುಂದಿನ ವಾರ ಬರೀ ಉತ್ತರ ಬೇಡ, ಒಂದೊಂದಕ್ಕೂ ಎರಡು ಸಾಲು ವಿವರಣೆ ಬೇಕು: ಅರ್ಥ ಇಲ್ಲಿದೆ, ಸನ್ನೆ ಇದು, ಪದ ಹೀಗೆ ಕಟ್ಟಿದೆ. ಪತ್ರಿಕೆಗಳು ಮಾಡುವ ತನಕ ನೀವು ಮಾಡಿ. ಮೆಟ್ರೋದಲ್ಲಿ ನಿಂತುಕೊಂಡೇ ಒಂದು ಸುಳಿವು ಕಟ್ಟಬಹುದು. ಕಟ್ಟಿದ್ದನ್ನು ಮನೆಯಲ್ಲಿ, ಬೇಕರಿಯಲ್ಲಿ ಯಾರಿಗಾದರೂ ಕೊಡಿ. ಅವರು ಸೋತರೆ ನಗಬೇಡಿ, ವಿವರಿಸಿ.

ಹೋದ ಭಾನುವಾರ ಅಂಕಲ್ ಪೇಪರಿನ ಅಂಚಿನಲ್ಲಿ ತಾವೇ ಒಂದು ಬರೆದು ನನ್ನ ಮುಂದೆ ತಳ್ಳಿದರು: ಇಂಗ್ಲಿಷಿನವರ ದೇಹಕ್ಕೆ ತಿಂಗಳು ತಿಂಗಳು ಕಟ್ಟುವ ದುಡ್ಡು (3).

ನಾನು ಇಎಂಐ ಅಂದೆ, ಇನ್ಶೂರೆನ್ಸ್ ಅಂದೆ. ಟೀ ಆರಿಹೋಯಿತು. ಅವರು ನಗಲಿಲ್ಲ, ಪೆನ್ನು ಹಿಡಿದು ಬಿಡಿಸಿ ತೋರಿಸಿದರು. ಇಂಗ್ಲಿಷಿನಲ್ಲಿ ದೇಹ ಅಂದರೆ ಬಾಡಿ. ದೇಹಕ್ಕೆ ಅಂದರೆ ಬಾಡಿಗೆ. ಹೆಗ್ಗನಹಳ್ಳಿಯಲ್ಲಿ ಇಷ್ಟು ವರ್ಷ ಇದ್ದುಕೊಂಡು ಅದು ನನಗೆ ಹೊಳೆಯಲಿಲ್ಲ.